ಭರಣಿಯಲ್ಲಿ ತೇಲಿದ ಹುಲ್ಲುಕಡ್ಡಿ

ಶ್ರೀ ವಿರೂಪಾಕ್ಷ ಪ್ರಸನ್ನ

ಕಂಪ್ಲಿ, 1938ನೆಯ ಇಸವಿ
ಶ್ರಾವಣದ ಮೊದಲ ಸೋಮವಾರ

ಸೊಂಡೂರಿನ ಸಂಗಮ್ಮನಿಗೆ ಕಂಪ್ಲಿಯ ಜಡೆಪ್ಪ ಬರೆಯುವ ಕಾಗದ.

ಜೇನುಗಳು ಬದುಕಿವೆ! ಕ್ಷೇಮ ಸಮಾಚಾರ ಕೇಳುವುದಕ್ಕೂ ಮೊದಲು ಇದನ್ನು ಬರೆದುಬಿಡುತ್ತೇನೆ. ನಿನ್ನ ಹರವಿಯ ಜೇನುಗಳು ಬದುಕಿವೆ. ಇವತ್ತು ಬೆಳಿಗ್ಗೆ ಹಿಂಗಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಗೂಡಿಗೆ ಬಂದವು, ಕಣ್ಣಾರೆ ಕಂಡೆ. ಇನ್ನೊಂದು ಸಂಗತಿಯೂ ಸಾಯುವುದರಲ್ಲಿತ್ತು, ಅದೂ ಉಳಿಯಿತು. ಅದನ್ನು ಬರೆಯಲು ಸ್ವಲ್ಪ ಧೈರ್ಯ ಬೇಕು, ನಿಧಾನಕ್ಕೆ ಬರುತ್ತೇನೆ.

ಇದಕ್ಕೆ ಮೊದಲು ಎರಡು ಹಾಳೆ ಹರಿದು ಹಾಕಿದೆ. ಒಂದರಲ್ಲಿ ನಿನ್ನನ್ನು 'ನೀವು' ಎಂದಿದ್ದೆ, ಓದಿದರೆ ತಾಲೂಕು ಕಚೇರಿಗೆ ಕೊಟ್ಟ ಅರ್ಜಿಯ ಹಾಗಿತ್ತು. ಇನ್ನೊಂದರಲ್ಲಿ 'ನೀನು' ಎಂದು ಬರೆದು ನಾಚಿಕೆಯಾಗಿ ಹರಿದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನ ಮನೆಯಲ್ಲಿ ಹಾಳೆಗಳು ತಾನೆ ಎಷ್ಟಿರುತ್ತವೆ? 'ನೀನು' ಎಂದೇ ಇರಲಿ. ಇದುವರೆಗಿನ ಕಾಗದಗಳೆಲ್ಲ ನಿಮ್ಮ ಅಪ್ಪ ವಿರೂಪಾಕ್ಷಪ್ಪನವರ ಹೆಸರಿಗೆ ಹೋದವು. ನಿನ್ನ ಹೆಸರಿಗೆ ಇದೇ ಮೊದಲು. ನಮ್ಮ ಬೆಲ್ಲದ ಬಂಡಿ ಹೊಡೆಯುವ ಸುಂಕಪ್ಪ ಇದನ್ನು ಹಿತ್ತಲ ಬಾಗಿಲಲ್ಲಿ ನಿನ್ನ ಕೈಗೇ ಕೊಡುತ್ತಾನೆ. ನಿಮ್ಮ ಅಪ್ಪನವರ ಕೈಗೆ ಸಿಕ್ಕರೂ ಚಿಂತೆಯಿಲ್ಲ, ಓದಲಿ. ಇದರಲ್ಲಿರುವುದೆಲ್ಲ ಹುಳುಗಳ ವಿಷಯವೇ.

ಸಂಕ್ರಾಂತಿ ಕಳೆದ ಮೇಲೆ ನಮ್ಮವರು ನಿಶ್ಚಯಕ್ಕೆಂದು ನಿಮ್ಮ ಮನೆಗೆ ಬಂದಿದ್ದೆವಲ್ಲ. ಪಡಸಾಲೆಯಲ್ಲಿ ಅಷ್ಟು ಜನ ನನ್ನನ್ನೇ ನೋಡುತ್ತಿದ್ದರೆ ಕುಳಿತಿರಲಾರದೆ ಹಿತ್ತಲಿಗೆ ಎದ್ದು ಹೋದೆ. ಅಲ್ಲಿ ಕೊಟ್ಟಿಗೆಯ ಗೋಡೆಗೆ ಒರಗಿ ಒಂದು ಹಳೆಯ ನೀರಿನ ಹರವಿ ಅಡ್ಡಬಿದ್ದಿತ್ತು, ಅದರ ಬಾಯಿಯೊಳಗೆ ಜೇನುಗಳು ಹೋಗಿ ಬರುತ್ತಿದ್ದವು. ಪಕ್ಕದಲ್ಲಿ ಒಡೆದ ಗಡಿಗೆಯ ಚೂರಿನಲ್ಲಿ ನೀರು, ನೀರಿನ ತುಂಬ ಹುಲ್ಲುಕಡ್ಡಿ. ಕಸ ಬಿದ್ದಿದೆ ಎಂದುಕೊಂಡು ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಎತ್ತಿ ಹೊರಗೆ ಹಾಕುತ್ತಿದ್ದೆ. ನೀನು ಕೊಟ್ಟಿಗೆಯ ಕಂಬದ ಹಿಂದಿನಿಂದ ಬಂದೆ. ಒಂದು ಮಾತೂ ಆಡದೆ, ನಾನು ತೆಗೆದ ಕಡ್ಡಿಗಳನ್ನೆಲ್ಲ ಆಯ್ದು ಮತ್ತೆ ನೀರಿಗೆ ಹಾಕಿದೆ. ಆಗ ಒಂದು ಜೇನು ಬಂದು ಕಡ್ಡಿಯ ಮೇಲೆ ಇಳಿಯಿತು. ನಮ್ಮೂರ ಹೊಳೆಯಲ್ಲಿ ಜನ ಹರಿಗೋಲಿನಲ್ಲಿ ಕುಳಿತಂತೆ ಕುಳಿತು ನೀರು ಕುಡಿದು ಹಾರಿಹೋಯಿತು. ಕಡ್ಡಿ ಇಲ್ಲದಿದ್ದರೆ ಅದು ಮುಳುಗುತ್ತಿತ್ತು.

ಅಷ್ಟರಲ್ಲಿ ಎಲ್ಲರೂ ಹಿತ್ತಲಿಗೆ ಬಂದರು. ನಿಮ್ಮ ಅಪ್ಪನವರು, "ಮೊನ್ನೆ ಕರಕ್ಕ ಕಚ್ಚಿದಾವು. ನಾಳಿ ಹೊಗಿ ಹಾಕಿ ಈ ಹರವಿ ಒಡಸ್ತೀನಿ" ಅಂದರು. ನೀನು ತಲೆ ತಗ್ಗಿಸಿಕೊಂಡೇ, "ಬ್ಯಾಡಪ್ಪಾ, ಕಂಪ್ಲಿಗೆ ಕಳಿಸು" ಅಂದೆ. ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಕೇಳಿದೆ. "ಅವಕ್ಕ ಏನ್ ತಿನ್ನಾಕ ಕೊಡ್ತೀರಿ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ನಾಲಿಗೆಗೆ ಬಂದದ್ದು ಒಂದೇ ಶಬ್ದ, "ಬೆಲ್ಲ."

ನಿಮ್ಮ ಅಪ್ಪನವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಗಾಣದ ಮನಿ ಅಳಿಯ, ಮತ್ತೇನು ಕೊಟ್ಟಾನು!" ಅಂದರು. ಎಲ್ಲರೂ ನಕ್ಕರು. ನೀನು ಮಾತ್ರ ನಗಲಿಲ್ಲ. ಆ ದಿನದಿಂದ ನಾನು ನಿನಗೆ ಸರಿಯಾದ ಉತ್ತರ ಹುಡುಕುತ್ತಿದ್ದೇನೆ. ಈಗ ಸಿಕ್ಕಿದೆ. ಅದಕ್ಕೇ ಈ ಕಾಗದ, ಅದಕ್ಕೇ ಅಕ್ಷರಗಳು ಹೀಗೆ ಓಡುತ್ತಿವೆ, ಬೇಸರ ಮಾಡಿಕೊಳ್ಳಬೇಡ.

ಹರವಿಯ ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಬಂಡಿಯಲ್ಲಿ ಹುಲ್ಲಿನ ಮೇಲಿಟ್ಟು, ಹೊಸಪೇಟೆ ಕಮಲಾಪುರದ ಮೇಲೆ ಎರಡು ದಿನ ಕುಲುಕದಂತೆ ತಂದೆವು. ಬಂಡಿಯಿಂದ ಇಳಿಸುವಾಗ ಅಜ್ಜಿ ಮುದುಕಮ್ಮ ಬಾಗಿಲಲ್ಲಿ ನಿಂತು, "ಬೀಗರು ಎಮ್ಮಿ ಕೊಡ್ತಾರಂತ ಕಾದ್ರ ಹುಳ ಕೊಟ್ಟು ಕಳಸ್ಯಾರಲ್ಲಪ್ಪಾ!" ಅಂದಳು. ಆದರೆ ಬೇವಿನ ಮರದಡಿ ಜಾಗ ಗುಡಿಸಿ ಕೊಟ್ಟವಳೂ ಅವಳೇ.

ಬೇಸಾಯ ಇಲಾಖೆಯ ವೆಂಕೋಬರಾಯರು ಹೊಸಪೇಟೆಯಿಂದ ಸೈಕಲ್ ಮೇಲೆ ನಮ್ಮೂರ ಕಬ್ಬಿನ ಗದ್ದೆ ನೋಡಲು ಬರುತ್ತಿರುತ್ತಾರೆ. ಅವರು ಹರವಿ ಕಂಡವರೇ ಸೈಕಲ್ ಕೆಡವಿ ಓಡಿಬಂದರು. ಮುಂದಿನ ಸಲ ಒಂದು ಮರದ ಪೆಟ್ಟಿಗೆ ತಂದರು. ನಿನ್ನ ಹರವಿಯನ್ನು ಒಡೆಯಲೇಬೇಕಾಯಿತು, ಮನ್ನಿಸು. ಒಳಗಿನ ಎರಿಗಳನ್ನು, ಆ ಮೇಣದ ಹಲ್ಲೆಗಳನ್ನು, ಮೆಲ್ಲಗೆ ಬಿಡಿಸಿ, ಬಾಳೆನಾರಿನಿಂದ ಮರದ ಚೌಕಟ್ಟುಗಳಿಗೆ ಕಟ್ಟಿ ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ರಾಣಿ ಹುಳವನ್ನು ಬೆರಳು ಮಾಡಿ ತೋರಿಸಿದರು. "ಎರಡಾ ಊಟ ನೋಡು ಇವಕ್ಕ. ಹೂವಿನ ರಸ ದುಡಿಯೋರಿಗೆ, ಹೂವಿನ ಪುಡಿ ಕೂಸುಗಳಿಗೆ" ಅಂದರು. ಹೊರಡುವಾಗ ಸೈಕಲ್ ಹತ್ತಿದ ಮೇಲೆ ಇನ್ನೊಂದು ಮಾತು ಹೇಳಿದರು. "ಜೇನುತುಪ್ಪ ತಗದ್ರ ಅರ್ಧ ತಗೀಪಾ, ಅರ್ಧ ಬಿಡು." ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಾದದ್ದನ್ನು ಕೇಳದಿರುವುದು ನನ್ನ ಹಳೆಯ ರೋಗ.

ಬೇವು ಹೂ ಬಿಟ್ಟಿತು. ಕಾಲುವೆಯ ದಂಡೆಗೆ ಹೊಂಗೆ ಹೂ ಬಿಟ್ಟಿತು. ಆ ದಿನಗಳಲ್ಲಿ ನಾನು ಕಂಡದ್ದನ್ನು ನಿನಗೆ ಹೇಗೆ ಬರೆಯಲಿ! ಗಾಣದ ಕೆಲಸ ಮುಗಿಸಿ ಸಂಜೆ ಹೋಗಿ ಪೆಟ್ಟಿಗೆಯ ಮುಂದೆ ಕೂರುತ್ತಿದ್ದೆ. ಬಾಗಿಲಲ್ಲಿ ಸಾಲಾಗಿ ಹುಳುಗಳು ತಲೆ ತಗ್ಗಿಸಿ ನಿಂತು ರೆಕ್ಕೆ ಬೀಸುತ್ತಿದ್ದವು, ಹಾರುತ್ತಿರಲಿಲ್ಲ. ಅಂಗೈ ಒಡ್ಡಿದರೆ ಬೆಚ್ಚಗಿನ ಗಾಳಿ ತಾಗುತ್ತಿತ್ತು, ಗಾಳಿಯಲ್ಲಿ ಹೊಂಗೆಯ ವಾಸನೆ. ಸೆಕೆಗೆ ಬೀಸಿಕೊಳ್ಳುತ್ತಿವೆ ಎಂದುಕೊಂಡಿದ್ದೆ. ರಾಯರನ್ನು ಕೇಳಿದರೆ, "ಹೂವಿನ ರಸ ನೀರು ನೀರು ಇರ್ತದ. ಹಂಗಾ ಇಟ್ರ ಹುಳಿ ಬರ್ತದ. ಅದಕ್ಕ ಗಾಳಿ ಹಾಕಿ ಅದರಾಗಿನ ನೀರು ಆರಸ್ತಾವ" ಅಂದರು.

ಸಂಗಮ್ಮ, ನಾನು ಗಾಣದ ಮನೆಯಲ್ಲಿ ಹುಟ್ಟಿದವನು. ಕಬ್ಬಿನ ಹಾಲನ್ನು ಬೆಳಿಗ್ಗೆ ಹಿಂಡಿ ಹಾಗೇ ಇಟ್ಟರೆ ಮಧ್ಯಾಹ್ನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಅದಕ್ಕೇ ಕೊಪ್ಪರಿಗೆಗೆ ಸುರಿದು, ಕೆಳಗೆ ಬೆಂಕಿ ಹಾಕಿ, ನೀರು ಹೋಗುವವರೆಗೆ ಕುದಿಸುತ್ತೇವೆ. ಬೆಲ್ಲವಾದ ಮೇಲೆ ವರ್ಷವಿಟ್ಟರೂ ಕೆಡುವುದಿಲ್ಲ. ಇವಕ್ಕೆ ಕೊಪ್ಪರಿಗೆ ಇಲ್ಲ, ಬೆಂಕಿ ಇಲ್ಲ, ರೆಕ್ಕೆಯಲ್ಲೇ ಕುದಿಸುತ್ತವೆ! ಎತ್ತಿಗೂ ಜೋರಾಗಿ ಗದರದ ನಾನು ಎದ್ದು ನಿಂತು ಕೂಗಿಬಿಟ್ಟೆ, "ಅಂದ್ರ ಇವೂ ಗಾಣ ಇಟ್ಟಾವ್ರೀ ರಾಯರ!" ಪಕ್ಕದ ಗದ್ದೆಯವರು ತಿರುಗಿ ನೋಡಿದರು. ರಾಯರು ಬಹಳ ಹೊತ್ತು ನಕ್ಕರು.

ಹೇಗೆ ಮಾಡುತ್ತವೆ ಎಂಬುದು ಅಷ್ಟು ಚೆನ್ನಾಗಿ ತಿಳಿಯಿತು, ಯಾಕೆ ಮಾಡುತ್ತವೆ ಎಂದು ಮಾತ್ರ ಯೋಚಿಸಲಿಲ್ಲ. ನಾವು ಬೆಲ್ಲ ಮಾಡುವುದು ಪೇಟೆಗೆ ಕಳಿಸಲು. ಅವೂ ಯಾರಿಗೋ ಕೊಡಲೆಂದೇ ಮಾಡುತ್ತವೆ ಎಂದುಕೊಂಡೆ. ಆ ಯಾರೋ ನೀನೇ ಎಂದುಕೊಂಡೆ.

ಕಾರಹುಣ್ಣಿಮೆಗೆ ಎರಡು ದಿನವಿರುವಾಗ ಎರಿ ಕೊಯ್ದೆ. ಅರ್ಧ ಬಿಡಬೇಕೆಂದು ಕೈ ತಡೆದದ್ದು ನಿಜ. ಆದರೆ ಅಜ್ಜಿ ಕೊಟ್ಟ ಉಪ್ಪಿನಕಾಯಿಯ ಭರಣಿ ಅರ್ಧಕ್ಕೆ ನಿಂತಿತ್ತು. ಅರ್ಧ ಭರಣಿಯನ್ನು ನಿನಗೆ ಹೇಗೆ ಕಳಿಸಲಿ? ಉಳಿದದ್ದನ್ನೂ ಕೊಯ್ದೆ. ಒಂದು ಹನಿ ಬಿಡಲಿಲ್ಲ. ಭರಣಿ ಕಂಠದವರೆಗೆ ತುಂಬಿತು, ಬಾಯಿಗೆ ಹೊಸ ಬಟ್ಟೆ ಕಟ್ಟಿ ಸುಂಕಪ್ಪನ ಬಂಡಿಯಲ್ಲಿ ಕಳಿಸಿದೆ. ಆ ದಿನ ನನ್ನಷ್ಟು ಸಂತೋಷದಲ್ಲಿದ್ದವನು ಕಂಪ್ಲಿಯಲ್ಲೇ ಇರಲಿಲ್ಲ.

ಆಷಾಢದ ಗಾಳಿ ಬಂತು, ಜಿಟಿಜಿಟಿ ಮಳೆ ಬಂತು. ಎಲ್ಲೂ ಹೂವಿಲ್ಲ. ಹುಳುಗಳು ಬಾಗಿಲವರೆಗೆ ಬಂದು ಗಾಳಿಗೆ ಹೆದರಿ ಒಳಗೆ ಹೋಗುತ್ತಿದ್ದವು. ಮುಚ್ಚಳ ತೆಗೆದು ನೋಡಿದರೆ ಎರಿಗಳೆಲ್ಲ ಒಣಗಿ ಖಾಲಿ. ನನ್ನೊಳಗೆ ಅಳುಕು ಹುಟ್ಟಿತು. ನಿನಗೆ ಕೊಟ್ಟ ಮಾತು ನೆನಪಾಯಿತು, ಬೆಲ್ಲ. ನಮ್ಮಲ್ಲೇ ಒಳ್ಳೆಯದನ್ನು ಆರಿಸಿ, ನೀರಲ್ಲಿ ಕರಗಿಸಿ ಇಟ್ಟೆ. ಕುಡಿದವು. ನಾಲ್ಕು ದಿನಕ್ಕೆ ಪೆಟ್ಟಿಗೆಯ ಬಾಗಿಲ ಮೇಲೆಲ್ಲ ಕಂದು ಬಣ್ಣದ ಕಲೆಗಳು ಕಂಡವು. ಹೊಟ್ಟೆ ಕೆಟ್ಟಿತ್ತು ಅವುಗಳಿಗೆ. ಹೊಟ್ಟೆ ಉಬ್ಬಿ ಹಾರಲಾರದೆ ನೆಲದ ಮೇಲೆ ತೆವಳುತ್ತಿದ್ದವು, ದಿನಾ ಬೆಳಿಗ್ಗೆ ಒಂದು ಹಿಡಿ ಸತ್ತಿರುತ್ತಿದ್ದವು. ನಾನು ಇನ್ನಷ್ಟು ಬೆಲ್ಲ ಹಾಕಿದೆ! ಆ ವಾರ ನಿಮ್ಮ ಅಪ್ಪನವರಿಗೆ ಬರೆದ ಕಾಗದದಲ್ಲಿ 'ಜೇನುಗಳು ಕ್ಷೇಮ' ಎಂದು ಬರೆದೆ. ಅದು ಸುಳ್ಳು. ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಸುಂಕಪ್ಪನಿಗೆ ಸುಳ್ಳು ಬರುವುದಿಲ್ಲ. ನೀನು ಕೇಳಿದೆಯಂತೆ, ಅವನು ಇದ್ದದ್ದು ಇದ್ದಂತೆ ಹೇಳಿದನಂತೆ. "ಬೆಲ್ಲ ತಿಂದು ಸಾಯಾಕ ಹತ್ಯಾವ ತಂಗೀ."

ಆ ಸಲ ಅವನು ಹಿಂದಿರುಗಿದಾಗ ಬಂಡಿಯಲ್ಲಿ ನಮ್ಮ ಭರಣಿ ಇತ್ತು.

ನಿನಗೆ ಗೊತ್ತಿರಲಿಲ್ಲ, ನಿಮ್ಮ ಮನೆಯಲ್ಲಿ ಇಂಥ ಪದ್ಧತಿ ಇಲ್ಲ. ನಮ್ಮ ಮನೆತನದಲ್ಲಿ, ನಿಶ್ಚಯವಾದ ಮೇಲೆ ಗಂಡಿನ ಕಡೆಯವರು ಕಳಿಸಿದ ಸಿಹಿ ವಾಪಸ್ ಬಂತೆಂದರೆ ಹೆಣ್ಣಿನವರು ಮಾತು ಮುರಿದರೆಂದೇ ಅರ್ಥ. ನಮ್ಮ ಚಿಕ್ಕಪ್ಪನಿಗೆ ಗೊತ್ತಾಗಿದ್ದ ಹೆಣ್ಣು ಹಾಗೇ ತಪ್ಪಿತ್ತು, ಒಂದು ಬುಟ್ಟಿ ಉಂಡೆ ವಾಪಸ್ ಬಂದಿತ್ತು, ಯಾರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಭರಣಿಯನ್ನು ಕಟ್ಟೆಯ ಮೇಲಿಟ್ಟಾಗ ಮನೆಯವರೆಲ್ಲ ಸುತ್ತ ಬಂದು ನಿಂತರು. ಅಪ್ಪ ಅಂದಾನಪ್ಪ ಸುಂಕಪ್ಪನನ್ನು ಹಿಡಿದು ಕೇಳಿದ. "ಆ ತಂಗಿ ಹಿತ್ತಲ ಬಾಗಿಲಾಗ ಕೊಟ್ಟಳ್ರೀ. 'ಅವರಿಗೆ ವಾಪಸ್ ಕೊಡಣ್ಣಾ, ತಿಳೀತೈತಿ' ಅಂದ್ಳು. ಅಷ್ಟಾ" ಅಂದ ಸುಂಕಪ್ಪ.

ಅಜ್ಜಿ ಬಟ್ಟೆ ಬಿಚ್ಚಿ ಒಳಗೆ ನೋಡಿದಳು. "ಅಯ್ಯಯ್ಯ! ತುಪ್ಪದಾಗ ಕಸ ಹಾಕಿ ಕಳಸ್ಯಾರ! ಅದೂ ನನ್ನ ಭರಣ್ಯಾಗ!"

ನೋಡಿದೆವು. ಜೇನಿನ ಮೇಲೆಲ್ಲ ಹುಲ್ಲುಕಡ್ಡಿ. ಅಪ್ಪನ ಮುಖ ಕೆಂಪಾಯಿತು. "ನಾಳಿ ಮುಂಜಾನಿ ಬಂಡಿ ಹೊಂಡೂದ್ರಾಗ ನನಗ ಹೇಳು, ಸುಂಕಪ್ಪ. ನಾವು ಬ್ಯಾರೆ ಹೆಣ್ಣು ನೋಡ್ತೀವಂತ ಹೇಳಿ ಕಳಸ್ತೀನಿ" ಅಂದು ಒಳಗೆ ಹೋದ.

ನಿಜ ಹೇಳುತ್ತೇನೆ, ನಾನೂ ಹಾಗೇ ತಿಳಿದೆ. ನಿನ್ನ ಜೇನುಗಳನ್ನು ಕೊಲ್ಲುತ್ತಿರುವವನಿಗೆ, ಕೊಲ್ಲುತ್ತಾ 'ಕ್ಷೇಮ' ಎಂದು ಬರೆದವನಿಗೆ ನೀನು ಕೊಟ್ಟ ಉತ್ತರ ಇದು, ಸರಿಯಾಗಿಯೇ ಇದೆ ಎಂದುಕೊಂಡೆ. ಭರಣಿ ಎತ್ತಿಕೊಂಡು ಗಾಣದ ಗುಡಿಸಲಿಗೆ ಹೋದೆ. ಆಷಾಢದಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಏನು ಮಾಡಬೇಕೆಂದು ತೋಚದೆ ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಎತ್ತಿ ಹೊರಗೆ ಹಾಕತೊಡಗಿದೆ.

ಮೂರನೆಯದೋ ನಾಲ್ಕನೆಯದೋ ಕಡ್ಡಿಗೆ ನನ್ನ ಕೈ ನಿಂತಿತು.

ಈ ಕೆಲಸವನ್ನು ನಾನು ಮೊದಲೂ ಮಾಡಿದ್ದೆ! ಇದೇ ಬೆರಳು, ಇಂಥದೇ ಕಡ್ಡಿ, ನಿಮ್ಮ ಹಿತ್ತಲು. ಕಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಎಲ್ಲವೂ ಬೆರಳುದ್ದಕ್ಕೆ ಕತ್ತರಿಸಿದವು. ತೊಳೆದು ಒಣಗಿಸಿದವು, ಒಂದಕ್ಕೂ ಮಣ್ಣಿಲ್ಲ. ಕಸವನ್ನು ಯಾರು ಒಂದೇ ಅಳತೆಗೆ ಕತ್ತರಿಸುತ್ತಾರೆ? ಭರಣಿ ನಾನು ಕಳಿಸಿದಾಗ ಇದ್ದಂತೆ ಕಂಠದವರೆಗೆ ತುಂಬಿಯೇ ಇತ್ತು. ನೀನು ರುಚಿ ಕೂಡ ನೋಡಿರಲಿಲ್ಲ. ಇದು ನನಗೆ ವಾಪಸ್ ಬಂದದ್ದೇ ಅಲ್ಲ. ಹೊರಗೆ ಹಾಕಿದ ಕಡ್ಡಿಗಳನ್ನೆಲ್ಲ ಆಯ್ದು, ಒರೆಸಿ, ಮತ್ತೆ ಜೇನಿನ ಮೇಲಿಟ್ಟೆ. ಆ ದಿನ ನೀನು ಮಾಡಿದ ಹಾಗೆಯೇ.

ಮನೆಗೆ ಓಡಿದೆ. ಪಡಸಾಲೆಯಲ್ಲಿ ಅಪ್ಪ, ಅಜ್ಜಿ, ಓಣಿಯ ಹಿರಿಯರಿಬ್ಬರು ಕುಳಿತಿದ್ದರು. ಅವರೆದುರು ನಾನು ಎಂದೂ ಬಾಯಿ ತೆರೆದವನಲ್ಲ. ಬಾಗಿಲಲ್ಲೇ ನಿಂತು, "ಅಪ್ಪಾ, ಸುಂಕಪ್ಪನ ಕಡೆ ಏನೂ ಹೇಳಿ ಕಳಿಸಬ್ಯಾಡ. ಇದು ನಮಗ ಬಂದದ್ದಲ್ಲ, ಜೇನಿಗೆ ಬಂದದ್ದು" ಅಂದೆ.

"ಜೇನಿಗೇನ್ಲೇ? ನಿಶ್ಚಯ ಆಗಿದ್ದು ನಿನಗೋ, ಹುಳಕ್ಕೋ?" ಅಂದ ಅಪ್ಪ. ಹಿರಿಯರು ನಕ್ಕರು. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ನಾನು ಹೊರಗೆ ಹೋಗಿರುತ್ತಿದ್ದೆ. ಅವತ್ತು ಹೋಗಲಿಲ್ಲ. "ಹೊತ್ತು ಮುಳುಗೂದ್ರಾಗ ಬಂದು ನೋಡ್ರಿ. ಅವು ಉಣಲಿಲ್ಲಂದ್ರ ನೀವು ಹೇಳಿದ್ದಕ್ಕ ಹೂಂ ಅಂತೀನಿ" ಅಂದೆ. ಆ ಮಾತು ಎಲ್ಲಿಂದ ಬಂತೋ. ಅಷ್ಟು ರೋಗ ಹಿಡಿದ ಹುಳುಗಳು ಉಣ್ಣುತ್ತವೆಂದು ನನಗೂ ಗೊತ್ತಿರಲಿಲ್ಲ.

ಎಲ್ಲರೂ ಬೇವಿನ ಮರದಡಿ ಬಂದರು. ಮುಚ್ಚಳ ತೆಗೆದು, ಬೆಲ್ಲದ ನೀರಿನ ಬಟ್ಟಲನ್ನು ಎತ್ತಿ ಬಿಸಾಕಿದೆ. ಇನ್ನೊಂದು ಬಟ್ಟಲಲ್ಲಿ ನಿನ್ನ ಜೇನು ಸುರಿದು, ಮೇಲೆ ನಿನ್ನ ಕಡ್ಡಿಗಳನ್ನು ಹರಡಿ ಒಳಗಿಟ್ಟೆ. ಸ್ವಲ್ಪ ಹೊತ್ತು ಏನೂ ಇಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡ. ಆಗ ಒಂದು ಹುಳು ಎರಿಯಿಂದ ತಡವರಿಸುತ್ತಾ ಇಳಿಯಿತು. ಕಡ್ಡಿ ಹತ್ತಿತು. ನಾಲಿಗೆ ಚಾಚಿತು. ಅದರ ಹೊಟ್ಟೆ ಏರಿ ಇಳಿಯುವುದು ಕಾಣುತ್ತಿತ್ತು. ಹಿಂದೆ ಇನ್ನೊಂದು, ಆಮೇಲೆ ಹತ್ತು, ಆಮೇಲೆ ಕಡ್ಡಿಗಳೇ ಕಾಣದಷ್ಟು!

ಅಜ್ಜಿ ಕುಕ್ಕರಗಾಲಲ್ಲಿ ಕುಳಿತು ಮೂಗು ಪೆಟ್ಟಿಗೆಗೆ ತಾಗುವಷ್ಟು ಬಗ್ಗಿದ್ದಳು. "ಏ ಅಂದಾನಿ, ಬಾ ಇಲ್ಲಿ, ನೋಡು. ಬಾಣಂತಿ ಉಂಡಂಗ ಉಣ್ತಾವ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಇದು ಅವುಗಳ ಬುತ್ತಿ ಐತಲ್ಲೋ. ಮಳಿಗಾಲಕ್ಕಂತ ಕಟ್ಟಿಟ್ಟ ಬುತ್ತಿ ಕಸಗೊಂಡು ಬೀಗರಿಗೆ ಕಳಿಸಿದ್ಯಾ, ಮೂಳಾ?" ಅಂದಳು. ಹೌದೆಂದೆ. ಅರ್ಧ ಬಿಡು ಎಂದು ರಾಯರು ಹೇಳಿದ್ದನ್ನೂ, ಕಾಗದದಲ್ಲಿ ಸುಳ್ಳು ಬರೆದದ್ದನ್ನೂ ಅಲ್ಲೇ ಎಲ್ಲರೆದುರು ಹೇಳಿಬಿಟ್ಟೆ. ಅಪ್ಪ ಬಟ್ಟಲಿನ ಕಡೆ ಬಗ್ಗಿ ನೋಡಿದ. "ಆ ಹುಡುಗಿ ಬಾಯಿಬಿಟ್ಟು ಒಂದು ಮಾತು ಹೇಳಿ ಕಳಿಸಬಾರದಿತ್ತಾ?" ಅಂದ. ಅದಕ್ಕೆ ಅಜ್ಜಿ, "ನಿನ್ನ ಮಗ ಬಾಯಿ ಬಿಡ್ತಾನೇನು? ಜೋಡಿ ಚಲೋ ಕೂಡೈತಿ, ಸುಮ್ಮನಿರು" ಅಂದಳು.

ಮರುದಿನ ಸುಂಕಪ್ಪ ಬೆಲ್ಲವನ್ನಷ್ಟೇ ಹೇರಿಕೊಂಡು ಹೋದ.

ಹೋದ ವಾರ ರಾಯರು ಬಂದಾಗ ಈ ಸಲ ನಾನು ಯಾಕೆ ಯಾಕೆ ಎಂದು ಕೇಳಿ ಅವರನ್ನು ಸುಸ್ತು ಮಾಡಿದೆ. ಬೆಲ್ಲದಲ್ಲಿರುವ ಮಡ್ಡಿ ನಮಗೆ ರುಚಿ, ಅವುಗಳ ಹೊಟ್ಟೆಗೆ ಅರಗುವುದಿಲ್ಲವಂತೆ. ಗಾಳಿಮಳೆಗೆ ಹೊರಗೆ ಹೋಗಲಾಗದ ದಿನಗಳಲ್ಲಿ ಅದು ವಿಷವೇ ಆಗುತ್ತದಂತೆ. ಹೂವಿಲ್ಲದ ಕಾಲಕ್ಕೆಂದೇ ಅವು ಜೇನು ಮಾಡಿಟ್ಟುಕೊಳ್ಳುತ್ತವೆ, ಬೇರೆ ಯಾರಿಗಾಗಿಯೂ ಅಲ್ಲ. ಇನ್ನೊಂದು ಮಾತು ಹೇಳಿದರು, ಅದನ್ನು ಕೇಳಿದಾಗಿನಿಂದ ಮೈ ಜುಮ್ಮೆನ್ನುತ್ತಿದೆ. ಹೂವಿನ ಕಾಲದಲ್ಲಿ ದುಡಿಯುವ ಹುಳು ಬದುಕುವುದು ಒಂದೂವರೆ ತಿಂಗಳಂತೆ. ಜನ್ಮವಿಡೀ ಹಾರಿದರೂ ಅದು ಮಾಡುವ ಜೇನು ಒಂದು ಚಮಚದ ತಳವನ್ನೂ ಮುಚ್ಚುವುದಿಲ್ಲ. ಹಾಗಾದರೆ ಹೊಂಗೆ ಹೂವಿಗೆ ಹೋಗಿ ರಸ ತಂದು, ಸಂಜೆಯೆಲ್ಲ ರೆಕ್ಕೆ ಬೀಸಿ ಆರಿಸಿದ ಆ ಹುಳುಗಳು ಆಷಾಢಕ್ಕೆ ಇರಲೇ ಇಲ್ಲ! ನಾನು ನೋಡಿ ಕೂಗಾಡಿದೆನಲ್ಲ, ಅವುಗಳಲ್ಲಿ ಒಂದೂ ಇರಲಿಲ್ಲ. ಬಟ್ಟಲಿನ ಸುತ್ತ ಮುತ್ತಿ ಉಂಡವು ಆಮೇಲೆ ಹುಟ್ಟಿದವು. ಮೊದಲಿನವು ತಾವು ಮುಖ ನೋಡದವರಿಗೆ ಅಡಿಗೆ ಮಾಡಿಟ್ಟು ಹೋಗಿದ್ದವು. ನಾನು ಆ ಅಡಿಗೆಯನ್ನು ಎತ್ತಿ ಕಳಿಸಿದೆ, ನೀನು ಅದನ್ನು ಉಣ್ಣಬೇಕಾದವರಿಗೆ ತಿರುಗಿ ಮುಟ್ಟಿಸಿದೆ.

ಈಗ ಬದುಗಳ ಮೇಲೆ ತುಂಬೆ ಹೂ ಬಿಟ್ಟಿದೆ, ನೆಗ್ಗಿಲು ಮುಳ್ಳಿನ ಹಳದಿ ಹೂ ನೆಲಕ್ಕೆ ಹಾಸಿದೆ. ಇವತ್ತು ಬೆಳಿಗ್ಗೆ ಕಾಲಿಗೆ ಮೆತ್ತಿಕೊಂಡು ತಂದದ್ದು ಅದರದೇ ಪುಡಿ. ಪುಡಿ ತರುತ್ತಿವೆ ಎಂದರೆ ಒಳಗೆ ಮರಿಗಳಿವೆ ಎಂದು ಅರ್ಥ. ಮುಚ್ಚಳ ತೆಗೆದು ನೋಡಿದೆ. ಇವೆ! ಅಕ್ಕಿನುಚ್ಚಿನಷ್ಟು ಬಿಳಿ ಮರಿಗಳು, ಎರಿಯ ಒಂದೊಂದು ಮನೆಗೆ ಒಂದೊಂದು. ಅಲ್ಲಿಂದ ನೇರ ಬಂದು ಈ ಕಾಗದಕ್ಕೆ ಕುಳಿತೆ.

ಬರುವ ಸೋಮವಾರ ಅಪ್ಪ ಮತ್ತು ಹಿರಿಯರು ಲಗ್ನದ ದಿನ ಗೊತ್ತು ಮಾಡಲು ನಿಮ್ಮಲ್ಲಿಗೆ ಬರುತ್ತಾರೆ. ಅಜ್ಜಿ ಹೋಳಿಗೆ ಮಾಡಿ ಕಳಿಸುತ್ತಾಳೆ. ಸಂಗಮ್ಮ, ಕೈಮುಗಿದು ಕೇಳುತ್ತೇನೆ, ಹೋಳಿಗೆಯನ್ನು ವಾಪಸ್ ಕಳಿಸಬೇಡ. ಅದು ನಿಮಗೇ.

ನೀನು ಈ ಮನೆಗೆ ಬಂದ ದಿನ ಬಾಯಿ ಸಿಹಿ ಮಾಡಲು ಜೇನು ಇರುವುದಿಲ್ಲ. ಈ ವರ್ಷ ಒಂದು ಹನಿಯನ್ನೂ ತೆಗೆಯುವುದಿಲ್ಲ. ಮುಂದಿನ ಹೊಂಗೆ ಹೂವಿಗೆ ಅರ್ಧ ತೆಗೆಯೋಣ, ಆ ಅರ್ಧದ ಗೆರೆಯನ್ನು ಎರಿಯ ಮೇಲೆ ನೀನೇ ಎಳೆಯಬೇಕು, ನನ್ನ ಕೈಯನ್ನು ನಾನು ನಂಬುವುದಿಲ್ಲ. ಭರಣಿ ಖಾಲಿಯಾಗಿದೆ, ಅಜ್ಜಿ ಅದಕ್ಕೆ ಆಗಲೇ ನಿಂಬೆಕಾಯಿ ಹಾಕಿದ್ದಾಳೆ. ಕಡ್ಡಿಗಳನ್ನು ಮಾತ್ರ ನಾನು ಕೊಡಲಿಲ್ಲ. ತೊಳೆದು, ಬೇವಿನ ಮರದಡಿಯ ನೀರಿನ ಬಟ್ಟಲಲ್ಲಿ ಹಾಕಿದ್ದೇನೆ. ಇದನ್ನು ಬರೆಯುವಾಗಲೂ ಅವುಗಳ ಮೇಲೆ ಎರಡು ಹುಳು ಕುಳಿತಿವೆ.

ಬಂದ ದಿನ ಎಲ್ಲರೆದುರು ನನ್ನನ್ನು ಮತ್ತೆ ಅದೇ ಮಾತು ಕೇಳು. ಅವಕ್ಕ ಏನ್ ತಿನ್ನಾಕ ಕೊಡ್ತೀರಿ ಅಂತ. ಯಾರು ನಕ್ಕರೂ ಸರಿ, ಈ ಸಲ ಜೋರಾಗಿ ಹೇಳುತ್ತೇನೆ, "ಅವುಗಳದ್ದ ಅವಕ್ಕ."

ಸೊಂಡೂರಿನ ಗುಡ್ಡಗಳಿಗೆ ಒಳ್ಳೆಯ ಮಳೆಯಾಗಲಿ. ನಿಮ್ಮ ಕೊಟ್ಟಿಗೆಯ ಗೋಡೆಗೆ ಇನ್ನೊಂದು ಹರವಿ ಒರಗಲಿ, ಅದಕ್ಕೂ ಒಂದು ಹಿಂಡು ಬರಲಿ. ನೀನು ಚೆನ್ನಾಗಿರು.

ಅವತ್ತು ಬೆಲ್ಲ ಎಂದವನು,
ಜಡೆಪ್ಪ